ಬ್ಯಾನ್‌ಶೀಗೆ ಎಷ್ಟು ಉದ್ದದ ಸ್ವಿಂಗ್‌ಆರ್ಮ್? ನಾಲ್ಕು ಸೀಸನ್ ಮರಳಲ್ಲಿ ಓಡಿಸಿದ ಮೇಲೆ ಬರೆಯುತ್ತಿದ್ದೇನೆ

ಗಾಡಿ 2004ರ ಯಮಹಾ ಬ್ಯಾನ್‌ಶೀ, ನಾಲ್ಕು ಚಕ್ರದ ಕ್ವಾಡ್. ಸ್ವಿಂಗ್‌ಆರ್ಮ್ ಅಂದರೆ ಅದರ ಹಿಂದಿನ ಆಕ್ಸಲನ್ನು ಚಾಸಿಗೆ ಜೋಡಿಸಿ, ಮೇಲೆ ಕೆಳಗೆ ಆಡುವ ತೋಳು. ಓಡಿಸುವ ಜಾಗ ದಕ್ಷಿಣ ಕ್ಯಾಲಿಫೋರ್ನಿಯಾದ ಗ್ಲಾಮಿಸ್ ಮರಳುದಿಬ್ಬಗಳು. ಸ್ಯಾನ್ ಡಿಯಾಗೋದಲ್ಲಿ ನಮ್ಮ ಮನೆಯಿಂದ ಟ್ರೇಲರ್ ಎಳೆದುಕೊಂಡು ಹೊರಟರೆ ಮೂರು ಗಂಟೆಯ ದಾರಿ. ಈ ನಾಲ್ಕು ಸೀಸನ್‌ನಲ್ಲಿ ಇದೇ ಗಾಡಿಗೆ ಮೂರು ಸ್ವಿಂಗ್‌ಆರ್ಮ್ ಹಾಕಿದ್ದೇನೆ: ಮೊದಲು ಕಂಪನಿಯದ್ದು, ಆಮೇಲೆ ಆರು ಇಂಚು ಉದ್ದದ್ದು, ಈಗ ನಾಲ್ಕು ಇಂಚು ಉದ್ದದ್ದು. ಇಲ್ಲಿನವರು ‘ಪ್ಲಸ್ ಆರು’, ‘ಪ್ಲಸ್ ನಾಲ್ಕು’ ಅಂತ ಕರೆಯುವುದು ಇದನ್ನೇ, ಕಂಪನಿ ಅಳತೆಗಿಂತ ಹಿಂದಿನ ಆಕ್ಸಲ್ ಎಷ್ಟು ಇಂಚು ಹಿಂದಕ್ಕೆ ಹೋಯಿತು ಅನ್ನುವ ಲೆಕ್ಕ. ಸ್ನೇಹಿತರೊಬ್ಬರ ಪ್ಲಸ್ ಹತ್ತು ಗಾಡಿಯನ್ನೂ ಒಂದು ವಾರಾಂತ್ಯ ಓಡಿಸಿದೆ.

ಎಂಜಿನ್ ಬಗ್ಗೆ ಮೊದಲು ಹೇಳಬೇಕು, ಯಾಕೆಂದರೆ ಉದ್ದದ ಪ್ರಶ್ನೆ ಹುಟ್ಟುವುದೇ ಅಲ್ಲಿ. 1987ರಿಂದ 2006ರವರೆಗೆ ಅಮೆರಿಕದಲ್ಲಿ ಮಾರಾಟವಾದ ಬ್ಯಾನ್‌ಶೀಯಲ್ಲಿ 347 ಸಿಸಿಯ, ನೀರಿನಿಂದ ತಣಿಯುವ, ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಇರುತ್ತದೆ. ಯಮಹಾದ ಆರ್‌ಝಡ್ 350 ಬೈಕಿನ ವಂಶ. ದಾವಣಗೆರೆಯಲ್ಲಿ ಚಿಕ್ಕವನಿದ್ದಾಗ ಪಕ್ಕದ ಬೀದಿಯಲ್ಲಿ ರಾಜ್‌ದೂತ್ 350 ಒಂದಿತ್ತು, ಅದೂ ಇದೇ ಮನೆತನದ ಹಳೆಯ ತಲೆಮಾರು. ಬ್ಯಾನ್‌ಶೀಯನ್ನು ಮೊದಲ ಸಲ ಕಿಕ್ ಹೊಡೆದಾಗ ಆ ಬೀದಿಯೇ ಕಣ್ಣ ಮುಂದೆ ಬಂತು. ಕಂಪನಿಯ ಬೋರ್ (ಸಿಲಿಂಡರಿನ ಅಗಲ) 64 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 54. ನನ್ನದರಲ್ಲಿ ಈಗ ಬೋರ್ 68, ಸ್ಟ್ರೋಕ್ 58. ಒಟ್ಟು 421 ಸಿಸಿ. ಶಕ್ತಿ ಹೆಚ್ಚುಕಡಿಮೆ ಎರಡು ಪಟ್ಟಾಗಿದೆ, ಅದೂ ಮೆಲ್ಲಗೆ ಬರುವುದಿಲ್ಲ. ಪವರ್ ಬ್ಯಾಂಡ್, ಅಂದರೆ ಎಂಜಿನ್ ಪೂರ್ತಿ ಬಲ ಕೊಡುವ ವೇಗ, ಮುಟ್ಟಿದ ಕ್ಷಣ ಎಲ್ಲವೂ ಒಟ್ಟಿಗೆ ನುಗ್ಗುತ್ತದೆ. ಹುಟ್ಟಿನಂಥ ಪಟ್ಟಿಗಳಿರುವ ಪ್ಯಾಡಲ್ ಟಯರ್ ಮರಳನ್ನು ಕಚ್ಚಿ ಹಿಡಿದಿರುವುದರಿಂದ ಚಕ್ರ ಜಾರಿ ಆ ಬಲ ಸೋರಿಹೋಗುವುದೂ ಇಲ್ಲ.

ಮೊದಲ ಸೀಸನ್‌ನಲ್ಲಿ ಕಂಪನಿ ಸ್ವಿಂಗ್‌ಆರ್ಮ್‌ನಲ್ಲೇ ಗ್ಲಾಮಿಸ್‌ನ ದೊಡ್ಡ ದಿಬ್ಬ ಓಲ್ಡ್ಸ್‌ಮೊಬೈಲ್ ಹಿಲ್ ಹತ್ತಲು ಹೋದೆ. ಅರ್ಧ ಏರಿನಲ್ಲಿ ಮೂರನೇ ಗೇರಿಗೆ ಹಾಕಿದೆ, ಮುಂದಿನ ಚಕ್ರ ಎದ್ದಿತು, ಮತ್ತೆ ಇಳಿಯಲಿಲ್ಲ. ನಾನು ಪಕ್ಕಕ್ಕೆ ಹಾರಿಕೊಂಡೆ, ಗಾಡಿ ಹಿಂದಕ್ಕೆ ಮಗುಚಿ ಉರುಳಿತು. ಹ್ಯಾಂಡಲ್ ಬಾರ್ ಬಗ್ಗಿತು, ಮೈಗೆ ಏನೂ ಆಗಲಿಲ್ಲ. ಆದರೆ ಆ ರಾತ್ರಿ ಕ್ಯಾಂಪಿನಲ್ಲಿ ನಿದ್ದೆ ಹತ್ತಲಿಲ್ಲ. ನಮ್ಮೂರ ಹುಡುಗರು ರಸ್ತೆಯಲ್ಲಿ ಬೇಕೆಂದೇ ವ್ಹೀಲಿಂಗ್ ಮಾಡುತ್ತಾರಲ್ಲ, ಇದು ಬೇಡವೆಂದರೂ ಆಗುವಂಥದ್ದು.

ಮನೆಗೆ ಬಂದು ನಾಲ್ಕೂ ಚಕ್ರದಡಿ ಒಂದೊಂದು ತೂಕದ ಯಂತ್ರ ಇಟ್ಟು, ಓಡಿಸುವಾಗ ಕೂರುವ ಹಾಗೆಯೇ ಕೂತು ನೋಡಿದೆ. ಮುಂದೆ ಶೇ. 45, ಹಿಂದೆ ಶೇ. 55. ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 50.4 ಇಂಚು. ಅಂದರೆ ನಾನೂ ಗಾಡಿಯೂ ಸೇರಿದ ಭಾರದ ಕೇಂದ್ರ ಹಿಂದಿನ ಆಕ್ಸಲ್‌ಗಿಂತ 22.7 ಇಂಚು ಮುಂದಿದೆ. ಮುಂದಿನ ಚಕ್ರವನ್ನು ನೆಲಕ್ಕೆ ಒತ್ತಿ ಹಿಡಿಯುವುದು ಈ ಅಂತರವೇ. ಪ್ಲಸ್ ಆರು ಹಾಕಿದರೆ ಅದು 28.7 ಆಗುತ್ತದೆ, ಸಪಾಟು ನೆಲದಲ್ಲಿ ಶೇ. 26ರಷ್ಟು ಹೆಚ್ಚು ಎಳೆತವನ್ನು ತಡೆದುಕೊಳ್ಳಬಲ್ಲದು. ಏರಿನಲ್ಲಿ ಲೆಕ್ಕ ಬೇರೆ. ಭಾರದ ಕೇಂದ್ರ ನೆಲದಿಂದ 26 ಇಂಚು ಎತ್ತರದಲ್ಲಿದೆ ಎಂದು ಅಂದಾಜು ಹಿಡಿಯಿರಿ. 20 ಡಿಗ್ರಿ ಏರಿನಲ್ಲಿ ಆ ಅಂತರದಿಂದ 9.5 ಇಂಚು ಸುಮ್ಮನೆ ಕಳೆದುಹೋಗುತ್ತದೆ. ಕಂಪನಿ ಸ್ವಿಂಗ್‌ಆರ್ಮ್‌ನಲ್ಲಿ ಉಳಿಯುವುದು 13.2, ಪ್ಲಸ್ ಆರರಲ್ಲಿ 19.2. ಅದೇ ಆರು ಇಂಚು ಏರಿನಲ್ಲಿ ಶೇ. 45ರಷ್ಟು ಲಾಭ ಕೊಡುತ್ತದೆ. ಸಪಾಟಿನಲ್ಲಿ ಅಷ್ಟೇನೂ ಬೇಡ ಅನ್ನಿಸಿದ ಉದ್ದ ದಿಬ್ಬದಲ್ಲಿ ಜೀವ ಉಳಿಸುವ ಉದ್ದವಾಗುವುದು ಹೀಗೆ.

ಹಾಗಾಗಿ ಎರಡನೇ ಸೀಸನ್ನಿಗೆ ಪ್ಲಸ್ ಆರು ಬಂತು. ಹತ್ತುವುದರಲ್ಲಿ ಅದು ಮಾತು ಉಳಿಸಿಕೊಂಡಿತು. ಅದೇ ದಿಬ್ಬ, ಅದೇ ಗೇರು, ಮುಂದಿನ ಟಯರ್ ಮರಳನ್ನು ಸವರಿಕೊಂಡೇ ಹೋಯಿತು, ತುದಿಯವರೆಗೆ ಥ್ರಾಟಲ್ ಬಿಡಲಿಲ್ಲ. ಆದರೆ ಆರು ಇಂಚು ಕೊಂಡರೆ ಅದರ ಜೊತೆ ಏನೇನು ಕೊಳ್ಳಬೇಕು ಅನ್ನುವುದನ್ನು ಯಾರೂ ಮೊದಲೇ ಹೇಳುವುದಿಲ್ಲ. ಚೈನ್ ಮೇಲೆ ಆರು, ಕೆಳಗೆ ಆರು, ಒಟ್ಟು ಹನ್ನೆರಡು ಇಂಚು ಉದ್ದವಾಗಬೇಕು; 520 ಚೈನಿನ ಒಂದು ಲಿಂಕ್ ಮುಕ್ಕಾಲು ಇಂಚಿಗೂ ಕಡಿಮೆ, ಸರಿಯಾಗಿ 0.625 ಇಂಚು. ಹಾಗಾಗಿ ಇಪ್ಪತ್ತು ಲಿಂಕ್ ಹೆಚ್ಚು ಬೇಕು. ಹಳೆಯ ಚೈನಿಗೆ ತುಂಡು ಜೋಡಿಸಬೇಡಿ, ಪೂರ್ತಿ ಹೊಸದನ್ನೇ ತನ್ನಿ. ಹಿಂದಿನ ಬ್ರೇಕ್ ಹೋಸ್ ಹಳೆಯದೇ ಸಾಕಾಗುತ್ತದೆ ಎಂದು ಮಾರಿದವರು ಹೇಳಿದ್ದರು. ಸ್ಟ್ಯಾಂಡ್ ಮೇಲೆ ಎತ್ತಿ ಚಕ್ರ ಪೂರ್ತಿ ಕೆಳಗಿಳಿಸಿದಾಗ ಅದು ತಂತಿಯ ಹಾಗೆ ಬಿಗಿದು ನಿಂತಿತ್ತು. ನಾನು ಅದನ್ನು ಗಮನಿಸಿದ್ದು ಎರಡು ದಿನ ಓಡಿಸಿ, ಫಿಟ್ಟಿಂಗ್ ಬಳಿ ಎಣ್ಣೆ ಜಿನುಗಿದ ಮೇಲೆ. ದಿಬ್ಬದ ನೆತ್ತಿಯಲ್ಲಿ ಬ್ರೇಕ್ ಇಲ್ಲದೆ ನಿಲ್ಲುವ ಗತಿ ಯಾರಿಗೂ ಬೇಡ. ಉದ್ದದ ಹೋಸ್ ಹಾಕದೆ ಗಾಡಿ ಹೊರಗೆ ತೆಗೆಯಬೇಡಿ.

ಎಲ್ಲಕ್ಕಿಂತ ದೊಡ್ಡ ವಿಷಯ ಹಿಂದಿನ ಶಾಕ್ ಅಬ್ಸಾರ್ಬರ್. ಶಾಕ್ ಕೂರುವ ಜಾಗ ಇದ್ದಲ್ಲೇ ಇದೆ, ಚಕ್ರ ಮಾತ್ರ ದೂರ ಹೋಗಿದೆ. ಸನಿಕೆಗೆ ಉದ್ದದ ಹಿಡಿ ಹಾಕಿದ ಹಾಗೆ, ಚಕ್ರಕ್ಕೆ ಸ್ಪ್ರಿಂಗನ್ನು ಅದುಮುವುದು ಸುಲಭವಾಗುತ್ತದೆ. ಅದೂ ವರ್ಗದ ಲೆಕ್ಕದಲ್ಲಿ. ಪಿವಟ್‌ನಿಂದ (ಸ್ವಿಂಗ್‌ಆರ್ಮ್ ಚಾಸಿಗೆ ಸೇರುವ ಕೀಲು) ಆಕ್ಸಲ್‌ವರೆಗಿನ ಉದ್ದ ಮೂರನೇ ಒಂದು ಪಾಲು ಹೆಚ್ಚಿದರೆ ಚಕ್ರದ ಬಳಿ ಸ್ಪ್ರಿಂಗಿನ ಬಿಗುವು ಶೇ. 56ಕ್ಕೆ ಇಳಿಯುತ್ತದೆ. ಮೊದಲ ತಿಂಗಳು ಪ್ರತಿ ಗುಂಡಿಯಲ್ಲೂ ಗಾಡಿಯ ಹಿಂಭಾಗ ತಳಕ್ಕೆ ಬಡಿಯುತ್ತಿತ್ತು, ನಾನು ಸ್ವಿಂಗ್‌ಆರ್ಮನ್ನೇ ಅನುಮಾನಿಸಿದೆ. ಗಟ್ಟಿ ಸ್ಪ್ರಿಂಗ್ ಹಾಕಿಸಿ, ವಾಲ್ವಿಂಗ್ (ಶಾಕ್ ಒಳಗೆ ಎಣ್ಣೆಯ ಹರಿವನ್ನು ತಡೆಯುವ ಏರ್ಪಾಡು) ಬದಲಾಯಿಸಿದ ಮೇಲೆ ಅದೇ ಗಾಡಿ ಸಾಲು ಉಬ್ಬುಗಳ ಮೇಲೆ ನೇರವಾಗಿ, ಅಲುಗಾಡದೆ ಹೋಗತೊಡಗಿತು. ಸ್ವಿಂಗ್‌ಆರ್ಮಿನ ಬೆಲೆ ಕೇಳುವಾಗಲೇ ಶಾಕ್ ಕೆಲಸದ ಬೆಲೆಯನ್ನೂ ಕೂಡಿಸಿಕೊಳ್ಳಿ.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ನನಗೆ ಪ್ಲಸ್ ಆರು ಒಗ್ಗಲಿಲ್ಲ. ವೀಲ್‌ಬೇಸ್ ಶೇ. 12ರಷ್ಟು ಉದ್ದವಾದರೆ ತಿರುಗುವ ವೃತ್ತವೂ ಅಷ್ಟೇ ದೊಡ್ಡದಾಗುತ್ತದೆ. ಕ್ವಾಡ್‌ನ ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರುವುದರಿಂದ ಅದು ಮೊದಲೇ ತಿರುಗಲು ಒಪ್ಪದ ಗಾಡಿ. ಬಟ್ಟಲಿನಂಥ ತಗ್ಗುಗಳಲ್ಲಿ ಸುತ್ತು ಹಾಕುವುದು, ಹಿಂಭಾಗವನ್ನು ಜಾರಿಸಿ ಮೂತಿ ತಿರುಗಿಸುವುದು, ಇದೆಲ್ಲ ನನಗೆ ಪ್ರಾಣ. ಅಲ್ಲಿ ಅದು ಎತ್ತಿನ ಗಾಡಿಯಂತಾಯಿತು. ಕತ್ತಿಯಂಚಿನಂಥ ದಿಬ್ಬದ ನೆತ್ತಿ ದಾಟುವಾಗ ಹೊಟ್ಟೆ ಮರಳಿಗೆ ತಗುಲಿ ಎರಡು ಸಲ ಸಿಕ್ಕಿಕೊಂಡೆ. ಚಿಕ್ಕಪ್ಪನ ಮಗ ಒಂದು ಸುತ್ತು ಓಡಿಸಿ ಬಂದು ಹೆಲ್ಮೆಟ್ ತೆಗೆಯುತ್ತಲೇ, “ಅಣ್ಣಾ, ಮೇಲ್ ಹತ್ತಕ್ಕೇನೋ ಭಾಳ ಚಲೋ ಐತಿ. ಆದ್ರ ನೀ ದಿನಾ ಮೇಲೇ ಹತ್ತತಿಯೇನು?” ಅಂದ. ಅವತ್ತು ಬೆಳಗ್ಗೆಯಿಂದ ನಾವು ಸುತ್ತಿದ ದಾರಿ ನೆನಪು ಮಾಡಿಕೊಂಡೆ. ದೊಡ್ಡ ದಿಬ್ಬ ಹತ್ತಿದ್ದು ಮೂರು ಸಲ. ಉಳಿದ ಐದು ಗಂಟೆ ತಗ್ಗು, ತಿರುವು, ನೆತ್ತಿ.

ಪ್ಲಸ್ ಹತ್ತರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೇರ ಓಟದ ಪಂದ್ಯಕ್ಕೆ ಅದು ಸರಿ. ನನ್ನ ಎಂಜಿನ್‌ನಷ್ಟು ಶಕ್ತಿಗೆ ಅದು ವಿಪರೀತ, ಹಿಂದಿನ ಚಕ್ರದ ಮೇಲಿನ ಭಾರ ಕಡಿಮೆಯಾಗಿ ಪ್ಯಾಡಲ್ ಮರಳನ್ನು ಸುಮ್ಮನೆ ಎರಚುತ್ತಿತ್ತು.

ಮೂರನೇ ಸೀಸನ್‌ನಿಂದ ಪ್ಲಸ್ ನಾಲ್ಕು. 20 ಡಿಗ್ರಿ ಏರಿನಲ್ಲಿ ನನಗೆ ಸಿಗುವ ಅಂತರ 17.2 ಇಂಚು, ಕಂಪನಿಯದಕ್ಕಿಂತ ಶೇ. 30 ಹೆಚ್ಚು. ಮೂರನೇ ಗೇರಿನಲ್ಲಿ ಮುಂದಿನ ಚಕ್ರ ಈಗಲೂ ಏಳುತ್ತದೆ, ಆದರೆ ಮೆಲ್ಲಗೆ ಏಳುತ್ತದೆ. ಮೈ ಮುಂದಕ್ಕೆ ಚಾಚಿದರೆ ಇಳಿಯುತ್ತದೆ. ತಗ್ಗುಗಳಲ್ಲಿ ಗಾಡಿ ಮತ್ತೆ ನನ್ನ ಮಾತು ಕೇಳುತ್ತದೆ. ಮರಳು, ಅದರಲ್ಲೂ ತಿರುವು ಹೆಚ್ಚಿರುವ ಸವಾರಿ, 60ರಿಂದ 75 ಎಚ್‌ಪಿ ಎಂಜಿನ್, ಇಷ್ಟಿದ್ದರೆ ನಾನು ಇದನ್ನೇ ಹೇಳುತ್ತೇನೆ. ಕಂಪನಿ ಎಂಜಿನ್ ಇದ್ದವರು ಮೊದಲು ಕೂರುವ ಭಂಗಿ ಸರಿಮಾಡಿಕೊಳ್ಳಿ, ಅವರಿಗೆ ಪ್ಲಸ್ ಎರಡು ಸಾಕು. ಕಾಡುದಾರಿಯಲ್ಲಿ ಓಡಿಸುವವರು ಉದ್ದ ಮಾಡಲೇಬೇಡಿ.

ಎರಡು ಸೀಸನ್ ಕಳೆದ ಮೇಲೆ ಪ್ಲಸ್ ನಾಲ್ಕರ ಸ್ಥಿತಿ: ವೆಲ್ಡಿಂಗ್ ಎಲ್ಲೂ ಬಿರುಕು ಬಿಟ್ಟಿಲ್ಲ, ಪ್ರತಿ ಪ್ರವಾಸದ ನಂತರ ತೊಳೆದು ಟಾರ್ಚ್ ಹಿಡಿದು ನೋಡುತ್ತೇನೆ. ಪಿವಟ್ ಬುಷ್ ಒಮ್ಮೆ ಬದಲಾಯಿಸಿದೆ. ಚೈನ್ ಸ್ವಿಂಗ್‌ಆರ್ಮಿಗೆ ಉಜ್ಜದಂತೆ ತಡೆಯುವ ಪಟ್ಟಿ, ಚೈನ್ ಸ್ಲೈಡರ್, ಸೀಸನ್ನಿಗೊಂದು ಬೇಕಾಗುತ್ತಿದೆ, ಉದ್ದದ ಚೈನ್ ಕೆಳಗೆ ಹೊಡೆಯುವುದು ತಪ್ಪುವುದಿಲ್ಲ. ಪ್ಲಸ್ ಆರನ್ನು ಕ್ಯಾಂಪಿನಲ್ಲೇ ಒಬ್ಬರಿಗೆ ಮಾರಿದೆ, ಉದ್ದದ ಬ್ರೇಕ್ ಹೋಸ್ ಸಮೇತ.