ಕೋಲಾರದ ಸಂಜೆ ತರಗತಿ: ಗಿದ್ಯೋನನ ಮುನ್ನೂರು ಮಂದಿ

ಕೋಲಾರದ ಪ್ರಾರ್ಥನಾ ಮಂದಿರವೊಂದರಲ್ಲಿ ಶನಿವಾರ ಸಂಜೆ ನಡೆಯುವ ಹೀಬ್ರೂ ಧರ್ಮಗ್ರಂಥದ ತರಗತಿಗೆ ನಾಲ್ಕು ವಾರ ಹೋಗಿಬಂದೆ. ದೇವರು ಕೊಡುವ ಜಯವೆಂದರೆ ಶತ್ರುನಾಶವಷ್ಟೇ ಎಂದು ತಿಳಿದಿದ್ದ ನನಗೆ, ‘ತೆಶುವಾ’ ಎಂಬ ಹೀಬ್ರೂ ಪದ ಜಯ, ಬಿಡುಗಡೆ ಎರಡನ್ನೂ ಸೂಚಿಸುತ್ತದೆಂದು ಮೇಷ್ಟ್ರು ಕರಿಹಲಗೆಯ ಮೇಲೆ ಬಲದಿಂದ ಎಡಕ್ಕೆ ಬರೆದು ತೋರಿಸಿದ ಗಳಿಗೆ ಮರೆಯುವಂಥದ್ದಲ್ಲ. ಬೈಬಲಿನ ನ್ಯಾಯಸ್ಥಾಪಕರು ಗ್ರಂಥದ 7ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರ ನಾಯಕ ಗಿದ್ಯೋನನ 32,000 ಮಂದಿಯ ದಂಡು ಮೊದಲು 10,000ಕ್ಕೆ, ಆಮೇಲೆ ನೀರು ಕುಡಿದ ರೀತಿ ನೋಡಿ 300ಕ್ಕೆ ಇಳಿಯುವುದು, ಸ್ವಂತ ಕೈಬಲದಿಂದಲೇ ಗೆದ್ದೆವೆಂದು ಇಸ್ರಾಯೇಲ್ಯರು ಕೊಚ್ಚಿಕೊಳ್ಳದಿರಲೆಂದೇ ಎಂಬುದನ್ನು ಅವರು ಸಾಲು ಸಾಲಾಗಿ ಓದಿಸಿ ಬಿಡಿಸಿದರು. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ಕೊಂಬು ಹಿಡಿದು ಯುದ್ಧಕ್ಕೆ ಹೋದ ಆ ಮುನ್ನೂರು ಮಂದಿಗೆ ಕತ್ತಿ ಬೀಸಲು ಕೈಯೇ ಉಳಿದಿರಲಿಲ್ಲವೆಂಬ ಮಾತು ಬಹಳ ಹಿಡಿಸಿತು. ಬೈಬಲಿನ ಕೀರ್ತನೆಗಳು ಗ್ರಂಥಕ್ಕೆ ಕೊಟ್ಟ ಸಮಯ ಮಾತ್ರ ಸಾಲದು. ಶುಲ್ಕವಿಲ್ಲ, ಕನ್ನಡ ಬೈಬಲನ್ನು ನಾವೇ ಒಯ್ಯಬೇಕು.