ಸುಳ್ಳು ಆರೋಪ ಬಂದಾಗ: ವಿಚಾರಣೆಯೋ, ಕಾರ್ಮಿಕ ನ್ಯಾಯಾಲಯವೋ, ಮಾನನಷ್ಟ ಕೇಸೋ?

ಸಾಮಾನು ಕದ್ದೆ ಅಂತ ನೋಟಿಸ್ ಬಂದಿದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಮೊದಲು, ಸಿಟ್ಟಿನಲ್ಲಿ ರಾಜೀನಾಮೆ ಬರೆಯಬೇಡಿ.

ಖರ್ಚು ನೋಡಿದರೆ ಕಂಪನಿಯ ಒಳಗಿನ ವಿಚಾರಣೆಯಲ್ಲಿ ಹೋರಾಡುವುದೇ ಅಗ್ಗ. ಷೋಕಾಸ್ ನೋಟಿಸಿಗೆ (ಕಾರಣ ಕೇಳುವ ನೋಟಿಸ್) ಗಡುವಿನೊಳಗೆ ಬರೆದು ಉತ್ತರ ಕೊಡಿ. ಗೇಟ್ ಪಾಸ್, ಸ್ಟಾಕ್ ರಿಜಿಸ್ಟರ್, ಸಿಸಿಟಿವಿ ಕೇಳಿ. ಸಾಕ್ಷಿಗಳಿಗೆ ಪಾಟೀಸವಾಲು (ಎದುರು ಪ್ರಶ್ನೆ) ಹಾಕಿ. ಕೇಳಿದ ದಾಖಲೆ ಕೊಡಲ್ಲ ಅಂದರೆ ಆ ಮಾತನ್ನೂ ನಡಾವಳಿಯಲ್ಲಿ ಬರೆಸಿ, ನಕಲು ಇಟ್ಟುಕೊಳ್ಳಿ. ಮುಂದೆ ಕೋರ್ಟಿನಲ್ಲಿ ಆ ಒಂದು ಸಾಲೇ ಕೈ ಹಿಡಿಯಬಹುದು.

ಕೆಲಸದಿಂದ ತೆಗೆದೇಬಿಟ್ಟರೆ ಕಾರ್ಮಿಕ ಇಲಾಖೆಯ ಸಂಧಾನ, ಆಮೇಲೆ ಕಾರ್ಮಿಕ ನ್ಯಾಯಾಲಯ (ಹೊಸ ಕಾನೂನಿನಲ್ಲಿ ಕೈಗಾರಿಕಾ ನ್ಯಾಯಮಂಡಳಿ). ವರ್ಷಗಟ್ಟಲೆ ಎಳೆಯುತ್ತದೆ, ನಿಜ. ಆದರೆ ಕೆಲಸವನ್ನೂ ಹಿಂಬಾಕಿ ಸಂಬಳವನ್ನೂ ವಾಪಸ್ ಕೊಡಿಸುವ ಅಧಿಕಾರ ಅದಕ್ಕಿದೆ. ಮ್ಯಾನೇಜರ್‌ಗಳಿಗೆ ಈ ಬಾಗಿಲಿಲ್ಲ. ಖಾಸಗಿ ಕಂಪನಿಯಾದರೆ ಅವರಿಗೆ ಸಿವಿಲ್ ಕೋರ್ಟೇ ಗತಿ. ಅಲ್ಲಿ ಸಾಮಾನ್ಯವಾಗಿ ಸಿಗುವುದು ಪರಿಹಾರದ ಹಣ, ಕುರ್ಚಿಯಲ್ಲ.

ಮಾನನಷ್ಟ ಕೇಸು ಕೆಲಸ ಉಳಿಸುವುದಿಲ್ಲ, ಕೆಟ್ಟ ಹೆಸರು ತೊಳೆದುಕೊಳ್ಳಲು ಮಾತ್ರ. ಮಾನನಷ್ಟವನ್ನು ಅಪರಾಧ ಎನ್ನುವ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನಲ್ಲಿ, ಪ್ರಾಮಾಣಿಕವಾಗಿ ಮೇಲಿನವರಿಗೆ ದೂರು ಕೊಟ್ಟವರಿಗೆ ರಕ್ಷಣೆಯೂ ಇದೆ. ವಾಟ್ಸಾಪ್ ಗುಂಪಿನಲ್ಲಿ ಸುಮ್ನೆ ‘ಕಳ್ಳ’ ಅಂತ ಹಾಕಿದ್ದರೆ ಈ ಕೇಸಿನ ಬಗ್ಗೆ ಯೋಚಿಸಿ. ಮಾನನಷ್ಟ ಪರಿಹಾರದ ದಾವೆಗೆ 1 ವರ್ಷವೇ ಗಡುವು.