ಎಂ.ಕಾಂ. ಓದಿಗೆ ಕ್ಯಾಸಿಯೊ ಎಂಜೆ-120ಡಿ: ಕೊಳ್ಳುವ ಮುಂಚೆ ನೂರಕ್ಕೆ ಹತ್ತು ಪರ್ಸೆಂಟ್ ಕೂಡಿಸಿ ನೋಡಿ

ಬೆಳಗಾವಿಯ ಖಡೇಬಝಾರ್‌ನಲ್ಲೋ ಗಣಪತ ಗಲ್ಲಿಯಲ್ಲೋ ಸ್ಟೇಷನರಿ ಅಂಗಡಿ ಹೊಕ್ಕು "ಅಣ್ಣಾರ, ಕಾಮರ್ಸ್‌ಗೆ ಒಂದು ಕ್ಯಾಲ್ಕುಲೇಟರ್ ಕೊಡ್ರಿ" ಅಂದರೆ ಮೊದಲು ಕೈಗೆ ಬರುವುದು ದೊಡ್ಡ ಬಟನ್ನಿನದು. ಎಂ.ಕಾಂ.ಗೆ ಬೇಕಾದ್ದು ಬಟನ್ನಿನ ಗಾತ್ರವಲ್ಲ. 12 ಅಂಕಿ, ಜಿಟಿ (ಉತ್ತರಗಳನ್ನೆಲ್ಲ ಕೂಡಿಸುವ ಬಟನ್), ಚೆಕ್ (ಒತ್ತಿದ ಹೆಜ್ಜೆಗಳನ್ನು ಮರಳಿ ನೋಡುವ ಬಟನ್), ವರ್ಗಮೂಲ ಮತ್ತು ಮೆಮೊರಿ ಇರಬೇಕು. ಕ್ಯಾಸಿಯೊ ಎಂಜೆ-120ಡಿಯಲ್ಲಿ ಈ ಐದೂ ಇವೆ. ಬೆಲೆ ಒಂದು ಪಠ್ಯಪುಸ್ತಕದ ಆಸುಪಾಸು. ಕಾಲೇಜಿನ ಇಕ್ಕಟ್ಟು ಬೆಂಚಿನ ಮೇಲೆ ಉತ್ತರಪತ್ರಿಕೆಯ ಪಕ್ಕ ಸರಿಯಾಗಿ ಕೂರುವ ಅಳತೆ. ಆದರೆ ಡಬ್ಬಿಯೊಳಗಿನ ಮಡಿಚಿದ ಚೀಟಿಯನ್ನು ಯಾರೂ ಬಿಚ್ಚಿ ಓದುವುದಿಲ್ಲ, ಹಾಗಾಗಿ ಎರಡು ವರ್ಷ ಕೈಯಲ್ಲಿದ್ದರೂ ಅದು ಬರೀ ಕೂಡಿಸುವ ಯಂತ್ರವಾಗಿಯೇ ಉಳಿಯುತ್ತದೆ.

ಅಂಗಡಿಯಲ್ಲೇ ಮಾಡಬೇಕಾದ ಪರೀಕ್ಷೆ ಒಂದಿದೆ. 100 + 10 % ಒತ್ತಿ. 110 ಬಂದರೆ ಸರಿ. ಕ್ಯಾಸಿಯೊದ ಬಹಳಷ್ಟು ಮಾದರಿಗಳಲ್ಲಿ ಇದಕ್ಕೆ ಸಿಗುವ ಉತ್ತರ 111.11. ಯಂತ್ರ ಕೆಟ್ಟಿಲ್ಲ, ಅದು 100ನ್ನು 0.90ರಿಂದ ಭಾಗಿಸುತ್ತಿದೆ. ಅಂದರೆ ಲಾಭವನ್ನು ಅಸಲಿನ ಮೇಲಲ್ಲ, ಮಾರಾಟದ ಬೆಲೆಯ ಮೇಲೆ ಶೇ. 10 ಎಂದು ಹಿಡಿಯುತ್ತಿದೆ. ಕಾಸ್ಟಿಂಗ್ ಪತ್ರಿಕೆಯಲ್ಲಿ 'ಮಾರಾಟದ ಮೇಲೆ ಶೇ. 20 ಲಾಭ' ಎಂಬ ಲೆಕ್ಕಕ್ಕೆ ಇದು ವರದಾನ. ಜಿಎಸ್‌ಟಿ ಲೆಕ್ಕಕ್ಕೆ ಮಾತ್ರ ಗಂಡಾಂತರ: 2,500ಕ್ಕೆ ಶೇ. 18 ಸೇರಿದರೆ 2,950 ಆಗಬೇಕು, ಇದರಲ್ಲಿ 3,048.78 ಬರುತ್ತದೆ. ಅಂಥ ಯಂತ್ರವಿದ್ದವರು 2,500 × 18 % ಒತ್ತಿ 450 ನೋಡಿಕೊಂಡು, ಅದರ ಮೇಲೆ + ಒತ್ತಬೇಕು. ಅಥವಾ ನೇರ 1.18ರಿಂದ ಗುಣಿಸಿಬಿಡಬೇಕು. ಎರಡನೆಯದೇ ಸುರಕ್ಷಿತ, ಯಾವ ಕಂಪನಿಯ ಯಂತ್ರದಲ್ಲೂ ಉತ್ತರ ಬದಲಾಗುವುದಿಲ್ಲ.

ಇನ್ನು ಜಿಟಿ, ಅಂದರೆ ಗ್ರ್ಯಾಂಡ್ ಟೋಟಲ್. ಒಂದೊಂದು ಸಲ = ಒತ್ತಿದಾಗ ಬಂದ ಉತ್ತರವನ್ನೆಲ್ಲ ಯಂತ್ರ ಒಳಗೇ ಕೂಡಿಸಿಕೊಳ್ಳುತ್ತಾ ಹೋಗುತ್ತದೆ. ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್‌ನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಫೌಂಡ್ರಿ 3,00,000 ರೂಪಾಯಿಯ ಯಂತ್ರ ಕೊಳ್ಳಬೇಕು, ಅದರಿಂದ ಐದು ವರ್ಷ ತಲಾ 80,000 ಬರುತ್ತದೆ, ಮುಂದೆ ಬರುವ ಹಣವನ್ನು ಇಂದಿನ ಬೆಲೆಗೆ ಇಳಿಸುವ ದರ ಶೇ. 10 ಎಂದಿಟ್ಟುಕೊಳ್ಳಿ. ಮೊದಲು ಹಿಂದಿನ ಲೆಕ್ಕ ಅಳಿಸುವ ಎಸಿ ಬಟನ್. ಆಮೇಲೆ 1.1 ÷ ÷ 1, ನಂತರ = ಐದು ಸಲ. ಪರದೆಯಲ್ಲಿ 0.9091, 0.8264, 0.7513, 0.6830, 0.6209 ಎಂದು ಪಿವಿ ಫ್ಯಾಕ್ಟರ್‌ಗಳು, ಅಂದರೆ ಒಂದೊಂದು ವರ್ಷದ ಕೊನೆಗೆ ಬರುವ ಒಂದು ರೂಪಾಯಿಯ ಇಂದಿನ ಬೆಲೆಗಳು, ಸಾಲಾಗಿ ಬರುತ್ತವೆ (ಮುಂದಿನ ಅಂಕಿಗಳೂ ಇರುತ್ತವೆ, ನಾಲ್ಕು ಬರೆದುಕೊಂಡರೆ ಸಾಕು). ಈಗ ಜಿಟಿ ಒತ್ತಿದರೆ 3.7908, ಐದು ವರ್ಷದ ಆನ್ಯುಟಿ ಫ್ಯಾಕ್ಟರ್, ಅಂದರೆ ಆ ಐದರ ಮೊತ್ತ. ಅದನ್ನು 80,000ರಿಂದ ಗುಣಿಸಿದರೆ 3,03,263, ಅದರಲ್ಲಿ ಯಂತ್ರದ ಬೆಲೆ ಕಳೆದರೆ ಎನ್‌ಪಿವಿ (ನಿವ್ವಳ ಇಂದಿನ ಮೌಲ್ಯ) 3,263. ಟೇಬಲ್ ಪುಸ್ತಕ ತಿರುವುವ ಕೆಲಸವೇ ಇಲ್ಲ, ಶೇ. 13.5ರಂಥ ಟೇಬಲ್ಲಿನಲ್ಲಿ ಇಲ್ಲದ ದರ ಕೊಟ್ಟರೂ ಹೆದರಬೇಕಿಲ್ಲ.

ಎಡವಟ್ಟಾಗುವ ಜಾಗಗಳೂ ಇಲ್ಲೇ ಇವೆ. ÷ ಎರಡು ಸಲ ಒತ್ತುವುದು ಕ್ಯಾಸಿಯೊದ ಪದ್ಧತಿ. ಬೇರೆ ಎಷ್ಟೋ ಕಂಪನಿಯವುಗಳಲ್ಲಿ 1 ÷ 1.1 = = = ಎಂದು ಒಂದೇ ಸಲ ಒತ್ತಬೇಕು. ಗೆಳೆಯರ ಯಂತ್ರ ಎರವಲು ತಂದು ಪರೀಕ್ಷೆಗೆ ಕೂರುವವರು ತಪ್ಪುವುದು ಹೀಗೆ. ಎಸಿ ಒತ್ತದೆ ಶುರು ಮಾಡಿದರೆ ಹಿಂದಿನ ಲೆಕ್ಕದ ಉತ್ತರಗಳೂ ಜಿಟಿಯೊಳಗೆ ಬಂದು ಸೇರುತ್ತವೆ. = ಒಂದು ಹೆಚ್ಚು ಬಿದ್ದರೆ ಆರನೇ ವರ್ಷವೂ ಸೇರಿ ಫ್ಯಾಕ್ಟರ್ 4.3553 ಆಗುತ್ತದೆ, 3,263 ಇದ್ದ ಎನ್‌ಪಿವಿ 48,421ಕ್ಕೆ ಜಿಗಿಯುತ್ತದೆ. ಆದ್ದರಿಂದ ಕೊನೆಯ ಅಂಕಿ 0.6209 ಹೌದೋ ಅಲ್ಲವೋ ನೋಡಿಕೊಂಡೇ ಜಿಟಿ ಒತ್ತಬೇಕು. ಪರದೆಯ ಮೂಲೆಯಲ್ಲಿ ಕೆ ಅಕ್ಷರ ಉಳಿದಿದ್ದರೆ 1.1 ಇನ್ನೂ ಒಳಗೇ ಕೂತಿದೆ ಎಂದರ್ಥ. ಎಸಿ ಒತ್ತಿ ಕಳಿಸಿ. ದಶಮಾಂಶ ಗೊತ್ತುಮಾಡುವ ಜಾರು ಸ್ವಿಚ್ ಇರುವ ಮಾದರಿಯಾದರೆ ಅದು ದಶಮಾಂಶಗಳನ್ನು ಕತ್ತರಿಸದ ಎಫ್‌ನಲ್ಲಿರಬೇಕು. ಸೊನ್ನೆಯಲ್ಲಿದ್ದು, ಹತ್ತಿರದ ಪೂರ್ಣಾಂಕಕ್ಕೆ ಸರಿಹೊಂದಿಸುವ 5/4 ಸೇರಿಕೊಂಡರೆ ಐದೂ ಫ್ಯಾಕ್ಟರ್ 1, 1, 1, 1, 1 ಆಗಿ ಒಟ್ಟು 5 ಬರುತ್ತದೆ. ಚೀಲದಲ್ಲಿ ಪುಸ್ತಕದ ಒತ್ತಡಕ್ಕೆ ಈ ಸ್ವಿಚ್ ತಾನೇ ಜಾರುವುದುಂಟು.

ವರ್ಷ ವರ್ಷ ಬೇರೆ ಬೇರೆ ಮೊತ್ತ ಬಂದಾಗ ಜಿಟಿ ಕೆಲಸಕ್ಕೆ ಬಾರದು. ಆಗ ಹಿಂದಿನಿಂದ ಮುಂದಕ್ಕೆ ಬರಬೇಕು. ಮೂರು ವರ್ಷಕ್ಕೆ 70,000, 80,000, 90,000 ಇದ್ದರೆ: 90,000 ÷ 1.1 + 80,000 ÷ 1.1 + 70,000 ÷ 1.1 =. ಉತ್ತರ 1,97,370.40. ಯಾವ ಮಧ್ಯಂತರ ಅಂಕಿಯನ್ನೂ ಕಾಗದದ ಮೇಲೆ ಇಳಿಸಬೇಕಿಲ್ಲ. ಇದು ಸಾಧ್ಯವಾಗುವುದು ಈ ಯಂತ್ರಕ್ಕೆ ಬಾಡ್‌ಮಾಸ್ (ಗುಣಾಕಾರ, ಭಾಗಾಕಾರ ಮೊದಲು, ಕೂಡು-ಕಳೆ ಆಮೇಲೆ ಎಂಬ ನಿಯಮ) ಗೊತ್ತಿಲ್ಲದ್ದರಿಂದ: ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತದೆ. ಅದೇ ಗುಣ ಮತ್ತೊಂದು ಕಡೆ ಕೈಕೊಡುತ್ತದೆ. 50 + 20 × 3 ಒತ್ತಿದರೆ 110 ಅಲ್ಲ, 210. ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಳಸಿ ಬಂದವರಿಗೆ ಮೊದಲ ವಾರ ಇದು ಕಾಡುತ್ತದೆ. ಅಂಥ ಲೆಕ್ಕಕ್ಕೆ ಮೆಮೊರಿ ಇದೆ: ಸ್ಟಾಕ್ ಲೆಕ್ಕದಲ್ಲಿ 12 × 350 ಎಂ+, 8 × 420 ಎಂ+, 5 × 275 ಎಂ−, ಆಮೇಲೆ ಮೆಮೊರಿ ಕರೆದರೆ 6,185. ಮುಗಿದ ಮೇಲೆ ಮೆಮೊರಿ ಖಾಲಿ ಮಾಡಬೇಕು. ಪರದೆಯ ಮೇಲೆ ಎಂ ಉಳಿದಿದ್ದರೆ ಖಾಲಿಯಾಗಿಲ್ಲ. ಒಂದೇ ಲೆಕ್ಕದಲ್ಲಿ ಮೆಮೊರಿ ಮತ್ತು ಜಿಟಿ ಎರಡನ್ನೂ ಬೆರೆಸದಿರುವುದೇ ಲೇಸು.

ಡಿಪ್ರಿಸಿಯೇಷನ್ನಿಗೂ ಅದೇ ಎರಡು ಸಲದ ಉಪಾಯ. ಶೇ. 15ರ ಡಬ್ಲ್ಯುಡಿವಿಗೆ (ವರ್ಷ ವರ್ಷ ಉಳಿದ ಬೆಲೆಯ ಮೇಲೆ ಸವಕಳಿ ಕಳೆಯುವ ಪದ್ಧತಿ) 0.85 × × 3,00,000 = ಒತ್ತಿದರೆ 2,55,000; ಮತ್ತೆ = ಒತ್ತಿದರೆ 2,16,750; ಮತ್ತೆ, 1,84,237.50.

ಐದನೇ ಮೂಲ, ಏಳನೇ ಮೂಲ ಕೇಳುವ ಬೆಳವಣಿಗೆ ದರದ ಲೆಕ್ಕಕ್ಕೆ ಹಳೆಯ ಸಿಎ ಓದುಗರ ಚಮತ್ಕಾರವೊಂದಿದೆ. ಮಾರಾಟ 5 ವರ್ಷದಲ್ಲಿ 2,00,000ದಿಂದ 3,20,000 ಆಗಿದೆ. 3,20,000 ÷ 2,00,000 = 1.6. ಇದರ ಮೇಲೆ √ 12 ಸಲ; ಬಂದದ್ದರಲ್ಲಿ 1 ಕಳೆದು = ಒತ್ತಿ; 5ರಿಂದ ಭಾಗಿಸಿ =; 1 ಕೂಡಿಸಿ =; ಆಮೇಲೆ × = ಜೋಡಿಯನ್ನು 12 ಸಲ. 1.0986 ಬರುತ್ತದೆ, ಅಂದರೆ ವರ್ಷಕ್ಕೆ ಶೇ. 9.86. 12 ಅಂಕಿಯ ಯಂತ್ರ ಯಾಕೆ ಬೇಕು ಎನ್ನುವುದಕ್ಕೆ ಇದೇ ಉತ್ತರ: 12 ಸಲ ಮೂಲ ತೆಗೆದಾಗ ಉಳಿಯುವುದು 1.0001ಕ್ಕೆ ಅಂಟಿಕೊಂಡ ಪುಟ್ಟ ಬಾಲ, 8 ಅಂಕಿಯ ಪರದೆಯಲ್ಲಿ ಆ ಬಾಲ ಅರ್ಧ ತುಂಡಾಗಿರುತ್ತದೆ. ದೊಡ್ಡ ಮೊತ್ತಕ್ಕೂ ಅಷ್ಟೇ. 10 ಅಂಕಿಗೆ ಸಾವಿರ ಕೋಟಿಯೊಳಗೇ ನಿಲ್ಲಬೇಕು.

ಚೆಕ್ ಬಟನ್ನು 150 ಹೆಜ್ಜೆ ನೆನಪಿಡುತ್ತದೆ, ಪ್ಲಸ್ ಮಾದರಿ 300. ಡಬ್ಬಿಯ ಮೇಲೆ ನೋಡಿಕೊಳ್ಳಿ. ಟ್ರಯಲ್ ಬ್ಯಾಲೆನ್ಸಿನ (ಖಾತೆಗಳ ಬಾಕಿ ಪಟ್ಟಿ) ಡೆಬಿಟ್, ಕ್ರೆಡಿಟ್ ಮೊತ್ತ ಟ್ಯಾಲಿ ಆಗದಿದ್ದಾಗ ಮೊದಲಿನಿಂದ ಕೂಡಿಸುವ ಬದಲು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಹೋಗಿ, ತಪ್ಪಿದ ಅಂಕಿ ಸಿಕ್ಕಲ್ಲಿ ಕರೆಕ್ಟ್ ಒತ್ತಿ, ಸರಿ ಅಂಕಿ ಹೊಡೆದು, ಮತ್ತೆ ಕರೆಕ್ಟ್ ಒತ್ತಬೇಕು. ಎರಡನೇ ಸಲದ ಕರೆಕ್ಟ್ ಮರೆತರೆ ತಿದ್ದುಪಡಿ ನಿಲ್ಲುವುದಿಲ್ಲ. ಹುಡುಕುವ ಮುಂಚೆ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ: ಶೇಷವಿಲ್ಲದೆ ಹೋದರೆ 540 ಇರುವಲ್ಲಿ 450 ಬರೆದಂಥ ತಿರುವುಮುರುವು ಇರುವ ಸಂಭವ ಹೆಚ್ಚು.

ದೂರುಗಳೂ ಇವೆ. ಸಾಮಾನ್ಯ ಮಾದರಿಯಲ್ಲಿ ಮೂರು ಮೂರು ಅಂಕಿಗೆ ಗುರುತು ಬೀಳುತ್ತದೆ. 1'250'000 ನೋಡಿ ಹನ್ನೆರಡೂವರೆ ಲಕ್ಷ ಎಂದು ಓದಲು ಅಭ್ಯಾಸ ಬೇಕು. ವಿಜಯಪುರದ ಬೇಸಿಗೆ ಧೂಳು ಬಟನ್ ಸಂದಿಗೆ ಹೊಕ್ಕರೆ = ಒಮ್ಮೆ ಒತ್ತಿದ್ದು ಎರಡು ಸಲ ಬೀಳಬಹುದು, ಮೇಲಿನ ಲೆಕ್ಕಗಳೆಲ್ಲ = ಎಣಿಸುವುದರ ಮೇಲೇ ನಿಂತಿವೆ. ಒಣ ಬ್ರಷ್ ಸಾಕು, ನೀರು ಬೇಡ. ಸೋಲಾರ್ ಪಟ್ಟಿ ಇದೆಯೆಂದು ನಂಬಬಾರದು. ಅಂಗಡಿಯಲ್ಲೇ ಪಟ್ಟಿಯನ್ನು ಹೆಬ್ಬೆರಳಿನಿಂದ ಮುಚ್ಚಿ ನೋಡಿ. ಅಂಕಿ ಮಸುಕಾದರೆ ಒಳಗಿನ ಸೆಲ್ ಸತ್ತಿದೆ, ಕರೆಂಟ್ ಹೋದ ಪರೀಕ್ಷಾ ಕೋಣೆಯಲ್ಲಿ ಇದೂ ಹೋಗುತ್ತದೆ. ನಕಲಿ ಮಾಲು ಸಾಕಷ್ಟು ಓಡಾಡುತ್ತಿರುವುದರಿಂದ ಬಿಲ್ಲು, ವಾರಂಟಿ ಚೀಟಿಗೆ ಸಿಕ್ಕಾ ಎರಡೂ ಕೇಳಿ ಪಡೆಯಿರಿ.

ಜಿಎಸ್‌ಟಿ ಬಟನ್ ಇರುವ ಮಾದರಿಗೆ ಹೆಚ್ಚು ದುಡ್ಡು ಕೊಡುವುದು ದಂಡ. ಅದು ಅಂಗಡಿಯ ಗಲ್ಲಾದವರಿಗೆ. ಅಲ್ಲದೆ 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಸರಕಿಗೆ ಶೇ. 12, 28ರ ಹಂತಗಳು ಹೋಗಿವೆ, ಹಳೆಯ ಸ್ಟಾಕಿನಲ್ಲಿ ದರ ಹೊಸದಾಗಿ ತುಂಬಬೇಕಾದೀತು.

ಎಂ.ಕಾಂ. ಜೊತೆ ಸಿಎ ಕಟ್ಟುವವರಿಗೆ ಅಲ್ಲಿಯ ಮಿತಿ ಆರು ಫಂಕ್ಷನ್, 12 ಅಂಕಿ, ಎರಡು ಮೆಮೊರಿ. ಸೈಂಟಿಫಿಕ್ ಮಾದರಿ ಕೊಂಡವರು ಅಲ್ಲಿಗೆ ಇನ್ನೊಂದು ಕೊಳ್ಳಬೇಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪರೀಕ್ಷೆಗೆ ಹೋಗುವವರು ಹಾಲ್‌ಟಿಕೆಟ್ಟಿನ ಸೂಚನೆ ಒಮ್ಮೆ ಓದಿಕೊಂಡರೆ ಸಾಕು. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್‌ನ ಕಾಮರ್ಸ್ ಪತ್ರಿಕೆಗೆ ಮಾತ್ರ ಯಾವ ಕ್ಯಾಲ್ಕುಲೇಟರನ್ನೂ ಒಳಗೆ ಬಿಡುವುದಿಲ್ಲ. ಆ ಪರೀಕ್ಷೆ ಕಟ್ಟಿದವರು ಶೇ. 10ರ ಮೊದಲ ಐದು ಫ್ಯಾಕ್ಟರ್‌ಗಳನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.